ಗುಡ್, ಸರ್

ಕುರುಗೋಡು, ೧೯೭೪

ಅಪ್ಪಾ,

ಇವತ್ತು ಬೆಳಿಗ್ಗೆ ಸಿಕಂದರಾಬಾದಿನಿಂದ ಬಂದೆ. ಅರ್ಹತಾ ಸುತ್ತಿನಲ್ಲೇ ಸೋತೆ. ಈ ಸಲವೂ ಮುಖ್ಯ ಟೂರ್ನಮೆಂಟಿಗೆ ಸೇರಲಾಗದಿದ್ದರೆ ಟೆನಿಸ್ ಬಿಟ್ಟು ಸಿರುಗುಪ್ಪದ ಅಕ್ಕಿ ಗಿರಣಿಗೆ ಸೇರುತ್ತೇನೆಂದು, ನೀನು ತೀರಿಕೊಂಡ ಮೇಲೆ ನಮ್ಮನ್ನು ನೋಡಿಕೊಳ್ಳುತ್ತಿರುವ ಮಾವನಿಗೆ ಮಾತು ಕೊಟ್ಟಿದ್ದೆ.

ಗೆಲ್ಲಲು ಒಂದೇ ಪಾಯಿಂಟ್ ಬೇಕಿತ್ತು. ಈ ಸುತ್ತುಗಳಿಗೆ ಅಂಪೈರ್ ಇರುವುದಿಲ್ಲ. ನಮ್ಮ ಕಡೆ ಬಿದ್ದ ಚೆಂಡು ಗೆರೆಯೊಳಗಿದ್ದರೆ ‘ಗುಡ್’, ಹೊರಗಿದ್ದರೆ ‘ಔಟ್’ ಎಂದು ನಾವೇ ತೀರ್ಪು ಹೇಳಬೇಕು. ಎದುರಾಳಿಯ ಚೆಂಡು ಗೆರೆಯಿಂದ ಒಂದು ಗೇಣು ಹೊರಗೆ ಬಿತ್ತು. ಸಗಣಿ ಸಾರಿಸಿದ ಕೋರ್ಟಿನ ಮೇಲೆ ಅದರ ಗುರುತು ಕೂಡ ಮೂಡಿತ್ತು. ಅದನ್ನು ನೋಡುತ್ತಲೇ ನಾನು, “ಗುಡ್, ಸರ್” ಎಂದುಬಿಟ್ಟೆ. ಅವನು ನನಗಿಂತ ಚಿಕ್ಕವನು. ಒಮ್ಮೆ ಹೇಳಿದ್ದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಆಮೇಲೆ ನನ್ನ ಒಂದು ಸರ್ವ್ ಕೂಡ ಸರಿಯಾಗಿ ಬೀಳಲಿಲ್ಲ.

ಬಳ್ಳಾರಿಯ ಕ್ಲಬ್ಬಿನಲ್ಲಿ ಮಾರ್ಕರ್ ಕೆಲಸದಲ್ಲಿದ್ದ ನೀನು, ಸಾಹೇಬರ ಎದುರು ನಿಂತು ಅವರನ್ನು ಆಡಿಸುವಾಗ ಅವರ ಚೆಂಡು ಎಲ್ಲಿ ಬಿದ್ದರೂ ಹಾಗೇ ಹೇಳುತ್ತಿದ್ದೆ. ನಿನ್ನ ಹಿಂದೆ ಚೆಂಡು ಹೆಕ್ಕುತ್ತಲೇ ನಾನು ಆಟ ಕಲಿತೆ.

ಅವ್ವ ರೊಟ್ಟಿ ಬಡಿಯುತ್ತ, “ಹೋಗ್ಲಿ ಬಿಡಪ್ಪಾ, ನಿಮ್ಮಪ್ಪನೂ ದಿನಾ ಸೋತು ಬರ್ತಿದ್ದ” ಎಂದಳು.

ಮಾವ ನಕ್ಕ. “ಅವರಿಗೆ ಸೋಲಾಕ ಪಗಾರ ಕೊಡ್ತಿದ್ರು ಅಕ್ಕಾ. ಇವಗ ಯಾರ್ ಕೊಡ್ತಾರ? ಹೆಂಗ ಸೋತಿ, ಹೇಳಲೇ.”

ಅವ್ವ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

“ಅವನ ಚೆಂಡು ಗೆರಿ ಮ್ಯಾಲೇ ಬಿತ್ತು ಮಾವಾ” ಎಂದೆ.