ಮೂರು ಸಲ ಒಯ್ದ ಕೂಸು

ಹೊಸಪೇಟೆ
ತಾ. 12-2-1939, ರವಿವಾರ

ತಮ್ಮ ಹಾಲಸ್ವಾಮಿಗೆ ಅಣ್ಣ ಕೊಟ್ರಬಸಪ್ಪನ ಆಶೀರ್ವಾದ.

ನನ್ನ ಕೈಗೆ ಲೇಖನಿ ಕೊಟ್ಟು ಕೂಡಿಸಿದ್ದೀಯಲ್ಲ, ನಿನಗೆ ಬುದ್ಧಿ ಇದೆಯೇನು? ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬೆಲ್ಲದ ಗಾಣಕ್ಕೆ ಹೋದವನು ನಾನು. ಒಂದು ಸಾಲು ಬರೆಯುವಷ್ಟರಲ್ಲಿ ಒಂದು ಗಾಡಿ ಕಬ್ಬು ಅರೆಯುತ್ತೇನೆ. ಊರಿನಲ್ಲಿ ಓದಿದವರು ಸತ್ತಿದ್ದಾರೆಯೇ?

ಸಂಡೂರಿನಿಂದ ನೀನು ಬರೆದ ಕಾರ್ಡು ಬಂದು ಹನ್ನೊಂದು ದಿನವಾಯಿತು. ನಿಮ್ಮ ಕಂಪನಿಯ ನಾಟಕ ನೋಡಿದ ಜನ ಏನಂದರು, ನೀನು ಬಾರಿಸಿದ ಹಾರ್ಮೋನಿಯಂ ಪೇಟಿಯ ಬಗ್ಗೆ ಏನಂದರು, ಮುಚ್ಚಿಡದೆ ಬರೆ, ಕಂಪ್ಲಿಯ ಕ್ಯಾಂಪಿಗೆ ಮೊದಲು ತಿದ್ದಬೇಕು ಎಂದು ಕೇಳಿದ್ದೀ. ತಡವಾಗಲು ಕಬ್ಬಿನ ಕೆಲಸ ಕಾರಣ ಎಂದು ಬರೆಯಬಹುದಿತ್ತು. ಅದು ಸುಳ್ಳು. ಮನಸ್ಸಿರಲಿಲ್ಲ.

ಮನೆಯ ಸುದ್ದಿ ಏನೂ ಇಲ್ಲ. ಕೆಂದೆತ್ತು ಕುಂಟುತ್ತಿದೆ. ಈ ವರ್ಷ ಬೆಲ್ಲದ ಬಣ್ಣ ಕಪ್ಪು.

ಇನ್ನು ನಿಮ್ಮ ನಾಟಕ. ಇಲ್ಲಿಯ ಕ್ಯಾಂಪಿನ ಕಡೆಯ ದಿನ ಕೂಸು ಕದಿಯುವ ಕಳ್ಳನ ಹೊಸ ಆಟ ಹಾಕಿ, ಮರುದಿನ ಬೆಳಿಗ್ಗೆ ಗಾಡಿ ಕಟ್ಟಿಕೊಂಡು ಹೊರಟುಬಿಟ್ಟಿರಿ. ಅದರ ಬಿಸಿ ನಿಮಗೆ ತಗಲಲಿಲ್ಲ. ಕಬ್ಬಿನ ಗಾಡಿಯ ಜಡೆಪ್ಪ ಗಾಣದ ಮುಂದೆ ನಿಂತು ಕೂಗಾಡಿದ: "ಕೂಸು ಕದ್ದ ಕಳ್ಳ ಅಂದ್ರ ಕತ್ತಿ ಇರಬೇಕೋ ಬ್ಯಾಡೋ? ಇಂವ ಬೆಂಡು ಬೆತ್ತಾಸ ಕೊಡ್ತಾನ, ತಲಿ ಬಾಚ್ತಾನ! ಕಳ್ಳನೋ ಸ್ವಾದರಮಾವನೋ?" ಬೀಗ ಹಾಕಿದ ಕೋಣೆಯ ಅಂಕದಲ್ಲಿ ತಬಲಾ ನಿಲ್ಲಿಸಿ ಪೇಟಿಯ ಒಂದೇ ಸ್ವರ ಹಿಡಿದುಕೊಂಡು ಕೂತೆಯಲ್ಲ, ಆಗ "ಪೇಟಿ ಕೆಟ್ಟೈತೇನೋ ಮಾಸ್ತರ?" ಎಂದು ಕೂಗಿದವನೂ ಇವನೇ. ಪೋಸ್ಟಾಫೀಸಿನ ತಿರುಮಲರಾಯರು ಮಾತ್ರ ಬೇರೆ ಹೇಳಿದರು: "ಕೊಟ್ರಬಸಪ್ಪನವರ, ಆ ಒಂದು ಸ್ವರಕ್ಕ ನನ್ನ ಬೆನ್ನು ಬೆವತು ಹೋತು. ಅದು ಯಾವಾಗ ನಿಂತೀತು, ನಿಂತರ ಏನಾದೀತು ಅಂತ ಕುಂತಲ್ಲೇ ಅಂಜಿದೆ. ನಿಮ್ಮ ತಮ್ಮ ಗಟ್ಟಿಗ." ಬರೆದಿದ್ದೇನೆ. ಹಿಗ್ಗಿಕೋ.

ಕೊನೆ ಯಾರಿಗೂ ಸೇರಲಿಲ್ಲ. ತಾಯಿ ಹುಡುಕಿಕೊಂಡು ಬಂದಾಗ ಹುಡುಗಿ ಕಳ್ಳನ ಬೆನ್ನ ಹಿಂದೆ ಅಡಗುತ್ತಾಳೆ. ಪಕ್ಕದ ಮನೆಯ ಪಂಪಮ್ಮ ಬಾವಿಯ ಕಟ್ಟೆಯ ಮೇಲೆ ಕೊಡ ಕುಕ್ಕಿ ಬೈದಳು: "ಹಡೆದಾಕಿನ್ನ ಹೆಂಗ ಮರೀತಾವ್ರೀ ಮಕ್ಕಳು? ಆಟ ಬರದಾಂವಗ ತಾಯಿ ಇದ್ದಿಲ್ಲೇನು?"

ಎಲ್ಲರೂ ಮೆಚ್ಚಿದ್ದು ಒಂದು ಹಾಡು. ಸಂತೆಯಲ್ಲಿ ಕಳ್ಳ ಮೆಲ್ಲಗೆ ಹಾಡುತ್ತಾನೆ, ಕೂಸು ತಾಯಿಯ ಸೆರಗು ಬಿಟ್ಟು ಅವನ ಬೆರಳು ಹಿಡಿದು ಹೋಗುತ್ತದೆ. ಜನ ವನ್ಸ್ ಮೋರ್ ಕೂಗಿದರು. ಕೂಸು ತಿರುಗಿ ಬಂದು ಸೆರಗು ಹಿಡಿದು ನಿಂತಿತು, ಮತ್ತೆ ಹೋಯಿತು. ಇನ್ನೊಮ್ಮೆ ಕೂಗಿದರು. ಇನ್ನೊಮ್ಮೆ ಹೋಯಿತು. ಒಟ್ಟು ಮೂರು ಸಲ.

ನಿನ್ನ ಅತ್ತಿಗೆ ಏನಂದಳು ಎಂದು ಕಾರ್ಡಿನ ಮೂಲೆಯಲ್ಲಿ ಕೇಳಿದ್ದೀ. ಏನೂ ಅನ್ನಲಿಲ್ಲ. ಆಟ ಮುಗಿಸಿ ಮನೆಗೆ ಬಂದಾಗಿನಿಂದ ಸಂಗಮ್ಮ ಬಾಯಿ ಬಿಟ್ಟಿಲ್ಲ. ರೊಟ್ಟಿ ಬಡಿಯುತ್ತಾಳೆ, ನೀಡುತ್ತಾಳೆ, ಎದ್ದು ಹೋಗುತ್ತಾಳೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಈ ಮನೆಯಲ್ಲಿ ಅದನ್ನು ಯಾರೂ ಆಡುವುದಿಲ್ಲ, ಕಾಗದದ ಮೇಲಾದರೂ ಇರಲಿ. ಹನ್ನೊಂದು ವರ್ಷದ ಹಿಂದೆ ರೈಲು ಸ್ಟೇಷನ್ನಿನಲ್ಲಿ ನಮ್ಮ ಮಗಳು ಸಿದ್ದಮ್ಮನನ್ನು ಯಾರೋ ಕೈ ಹಿಡಿದು ಕರೆದುಕೊಂಡು ಹೋದರು. ಐದು ವರ್ಷದ ಕೂಸು. ಕಂಡ ಹಮಾಲ ಏನಂದ? "ಅಳ್ತಿದ್ದಿಲ್ಲರೀ, ನಕ್ಕೋತ ಹೊಂಟಿತ್ತು. ಅದಕ್ಕ ಅವರಪ್ಪ ಅನ್ಕಂಡೆ." ಅತ್ತಿದ್ದರೆ ಯಾರಾದರೂ ತಡೆಯುತ್ತಿದ್ದರು. ಪೊಲೀಸರು ಹುಡುಕಿದರು, ನಾವು ಹುಡುಕಿದೆವು, ಮುಗಿಯಿತು.

ಈಗ ನೀನು ಕಳ್ಳನ ಬಾಯಿಗೆ ಯಾವ ಧಾಟಿ ಕೊಟ್ಟೆ? ನನಗೆ ಪಂಪಮ್ಮ ಹೇಳಬೇಕಾಯಿತು. ಸಂಗಮ್ಮ ಬೀಸುವ ಕಲ್ಲಿನ ಮುಂದೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡುತ್ತಿದ್ದ ಪದದ ಧಾಟಿಯಂತೆ. ಲೋಕದಲ್ಲಿ ನಿನಗೆ ಬೇರೆ ಧಾಟಿ ಸಿಗಲಿಲ್ಲವೇ? ಅದನ್ನು ತೆಗೆ. ಕಂಪ್ಲಿಯಲ್ಲಿ ಅದು ಕೇಳಬಾರದು. ಇದೇ ನನ್ನ ಅಭಿಪ್ರಾಯ, ಉಳಿದದ್ದು ಊರವರದು.

ಮೈ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ಕೊಟ್ಟೂರಯ್ಯ ನಿನ್ನನ್ನು ಚೆನ್ನಾಗಿಟ್ಟಿರಲಿ.

ಕೊಟ್ರಬಸಪ್ಪ

ತಾ. ಕ. — ಮಂಗಳವಾರ, 14ನೇ ತಾರೀಖು.

ಕಾಗದ ಡಬ್ಬಿಗೆ ಹಾಕಲಿಲ್ಲ. ಎರಡು ದಿನ ಅಂಗಿಯ ಜೇಬಿನಲ್ಲಿತ್ತು. ಒಂದು ಮಾತು ಬಿಟ್ಟಿದ್ದೆ.

ಆ ಹಾಡಿಗೆ ಮೊದಲು ವನ್ಸ್ ಮೋರ್ ಕೂಗಿದವನು ನಾನು. ಎರಡನೆಯ ಸಲವೂ ನಾನೇ. ತಮ್ಮನ ಪೇಟಿಗೆ ಊರೇ ತಲೆದೂಗುತ್ತಿದೆ ಎಂದು ಎದ್ದು ನಿಂತು ಕೂಗಿದೆ. ಹೆಂಗಸರ ಕಡೆ ಕೂತವಳಿಗೆ ಗಂಡನ ದನಿ ತಿಳಿಯದೇ? ಧಾಟಿ ನನಗೆ ಗುರುತಾಗಲಿಲ್ಲ ಹಾಲಸ್ವಾಮಿ. ಅವಳು ಬೀಸುವ ಹೊತ್ತಿಗೆ ನಾನು ಗಾಣದ ಹತ್ತಿರ ಇರುತ್ತಿದ್ದೆ. ಮನೆಯಲ್ಲಿ ಮಲಗಿದ ದಿನ "ಸಾಕು ಮಾಡು, ನಿದ್ದಿ ಕೆಡ್ತೈತಿ" ಎಂದು ಗದರಿಸುತ್ತಿದ್ದೆ. ಆಗ ನೀನು ಇನ್ನೂ ಕಂಪನಿ ಸೇರಿರಲಿಲ್ಲ. ಪಡಸಾಲೆಯಲ್ಲಿ ಕೂತು ಅದನ್ನು ಕೇಳಿದವನು ನೀನು.

ಇವತ್ತು ಬೆಳಿಗ್ಗೆ ಮೇಲಿನದೆಲ್ಲ ಅವಳಿಗೆ ಓದಿ ಹೇಳಿದೆ. ಧಾಟಿ ತೆಗೆ ಎನ್ನುವಲ್ಲಿಗೆ ಬಂದಾಗ ಬಾಯಿ ಬಿಟ್ಟಳು.

"ತೆಗೀಬ್ಯಾಡ ಅಂತ ಬರೀರಿ."

ಯಾಕೆ ಎಂದೆ.

"ಕಂಪ್ಲ್ಯಾಗ ಬಾರಿಸ್ಲಿ. ಎಲ್ಲೆಲ್ಲಿ ಹೋಗ್ತಾರ ಅಲ್ಲೆಲ್ಲ ಬಾರಿಸ್ಲಿ. ಅಕಿ ನನ್ನ ಮಾರಿ ಮರ್ತಿರಬೌದು. ಪದ ಮರಿಯಂಗಿಲ್ಲ."

ನಾನು ಕಾಗದ ಮಡಿಸಿದೆ. "ಕೂಗಿದ್ದು ನೀವ ಅಂತ ನಂಗ ಗೊತ್ತೈತಿ" ಎಂದಳು. ಆಮೇಲೆ ಹಿಟ್ಟು ಜರಡಿ ಹಿಡಿಯಲು ಹೋದಳು.

ಅದಕ್ಕೇ ಧಾಟಿ ಇರಲಿ. ಆ ಹಾಡು ಬಂದಾಗ ಹೆಂಗಸರ ಕಡೆ ನೋಡಲು ಕಂಪನಿಯ ಹೆಣ್ಣುಮಗಳೊಬ್ಬಳನ್ನು ನಿಲ್ಲಿಸು. ಈಗ ಸಿದ್ದಮ್ಮನಿಗೆ ಹದಿನಾರು. ಎಡಹುಬ್ಬಿನ ಮೇಲೆ ಬೆಲ್ಲದ ಪಾಕ ಸಿಡಿದ ಕಲೆ ಇದೆ. ಅಂಥವಳು ಯಾರಾದರೂ ಎದ್ದು ನಿಂತರೆ, ಜನ ಎಷ್ಟೇ ಕೂಗಲಿ, ಆಟ ಅಲ್ಲಿಗೇ ನಿಲ್ಲಿಸು.

ಸಂಡೂರಿನಲ್ಲಿ ಈ ಆಟ ಆಡಿದ್ದೀರೋ ಇಲ್ಲವೋ, ಆಡಿದ್ದರೆ ಯಾರಾದರೂ ಎದ್ದರೋ ಇಲ್ಲವೋ, ಫೆಬ್ರವರಿ ಇಪ್ಪತ್ತೈದರೊಳಗೆ ನನಗೆ ಉತ್ತರ ಬರಬೇಕು.