ಪರೀಕ್ಷೆಗೆ ಸಿಗದ ಪುಡಿ

ಕಾರ್ಖಾನೆಯ ಮ್ಯಾನೇಜರ್ ಅವರಿಗೆ,

ನಾನು ನಿಮ್ಮ ಬಾಯ್ಲರ್ ಆಪರೇಟರ್‌ನ ತಂಗಿ. ಅಣ್ಣ ಆಸ್ಪತ್ರೆಯಲ್ಲಿದ್ದಾನೆ, ಪ್ರಜ್ಞೆಯಿಲ್ಲ. ರಜೆಯ ದಿನ ಗಾಂಜಾ ಸೇದುತ್ತಿದ್ದವನು, ನೀವು ಮೂತ್ರ ಪರೀಕ್ಷೆ ತಂದ ಮೇಲೆ ಯಾವುದೋ ಪುಡಿಗೆ ಇಳಿದ. ಬೈದರೆ, "ಗಾಂಜಾ ವಾರಗಟ್ಟಲೆ ಮೈಯಲ್ಲೇ ಠಿಕಾಣಿ ಹೂಡುತ್ತೆ ಕಣೇ, ಭಾಷಣಗಾರ್ತಿ. ಇದು ಯಾವ ಟೆಸ್ಟಿಗೂ ಸಿಗಲ್ಲ" ಎಂದು ನಗುತ್ತಿದ್ದ. ಇಲಿಗೆ ಹೆದರಿ ಮನೆ ಸುಟ್ಟ ಹಾಗಾಯಿತು.

ಪುಡಿ ಯಾವುದೆಂದು ತಿಳಿಯದೆ ಡಾಕ್ಟರು ಕೈಕಟ್ಟಿ ಕೂತಿದ್ದಾರೆ. ಅವನ ಪಾಳಿಯವರಿಗೆ ಗೊತ್ತಿದೆ. ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ ಎಂದು ಬಾಯಿ ಬಿಡುತ್ತಿಲ್ಲ. ಸೇದುವವರನ್ನು ಅಪರಾಧಿಗಳಾಗಿಸುವ ಕಾನೂನು ಬದಲಾಗಲೇಬೇಕು. ಅದು ನಿಮ್ಮ ಕೈಯಲ್ಲಿಲ್ಲ, ಆದರೆ ಕಾರ್ಖಾನೆಯ ನೋಟಿಸ್ ಬೋರ್ಡ್ ಇದೆ. ಪುಡಿಯ ಹೆಸರು ಹೇಳಿದವರಿಗೆ ಯಾವ ಶಿಕ್ಷೆಯೂ ಇಲ್ಲವೆಂದು ಬರೆದು, ಸಹಿ ಹಾಕಿ, ಪಾಳಿ ಮುಗಿಯುವ ಮೊದಲು ಅಂಟಿಸಿ. ಅಣ್ಣನ ಕೆಲಸದ ಬಗ್ಗೆ ಆಮೇಲೆ ಜಗಳವಾಡೋಣ.

ಗೇಟಿನ ಹೊರಗೇ ನಿಂತಿದ್ದೇನೆ.

ಅವನ ತಂಗಿ