ಚಿತ್ರದಾಗ ದ್ಯಾವಮ್ಮನ ಗುಡಿ ಇಲ್ಲ

ಹೈದರಾಬಾದ್, ಮಂಗಳವಾರ

ತಮ್ಮಾ ತಾಯಪ್ಪ,
ಮಾಸ್ತರ ಹೇಳಿದ್ದು ಖರೇ. ಇನ್ನೂರು ವರ್ಷದ ಹಿಂದ ಸುರಪುರಕ್ಕ ಹೊಂಟ ಗೋರಾ ಸಿಪಾಯಿ ಬರದ ನಮ್ಮ ಗುಡ್ಡದ ಚಿತ್ರ ಇಲ್ಲಿ ಮ್ಯೂಜಿಯಮ್ಮಿನಾಗ ಅದ. ಹಳ್ಳ, ಅವನ ಡೇರೆ, ಕುದುರಿ ಎಲ್ಲಾ ಅದಾವ. ನಮ್ಮ ದ್ಯಾವಮ್ಮನ ಗುಡಿ ಇರೋ ಜಾಗಾದಾಗ ಮಾತ್ರ ಎರಡು ಈಚಲ ಗಿಡ ಬರದಾನ. "ಚಂದ ಕಾಣಲಂತ ಹಾಕಿರ್ತಾರಮ್ಮ, ಅದೇನು ಸರ್ವೇ ನಕ್ಷಾನಾ?" ಅಂದ್ರು ಅಲ್ಲಿನವರು. "ಕುದುರಿ ಕಂಡ ಕಣ್ಣಿಗೆ ತಾಯಿ ಕಾಣಲಿಲ್ಲೇನ್ರಿ?" ಅಂದೆ. ಗುಡಿ ಹಳೇದಂತ ತೋರಿಸಿ, ಅದರ ಮ್ಯಾಲೆ ಬರೋ ಹೊಸ ಕಾಲುವಿ ಅತ್ತಾಗ ಸರಸಾಕ ನಮಗ ಬ್ಯಾರೆ ಪುರಾವಿ ಇಲ್ಲ.

ಗುಡಿ ಉಳೀಲಂತ ಹಿಡಿದ ಉಪಾಸ ಇನ್ನೂ ಬಿಟ್ಟಿಲ್ಲ, ಕಾಲು ಬಾತಾವ. ನನ್ನ ಹಾದಿ ಕಾಯಬ್ಯಾಡ. ಸೋಮವಾರ ಕಾಲುವಿ ತೋಡೋ ಮಷಿನ್ ಬರೋದ್ರಾಗ ಪೂಜಾರಿನ ಕರಕೊಂಡು ತಾಯೀನ ಎತ್ತಿ ಮನಿಗೆ ತಾ. ಎತ್ತೋವಾಗ ಆಕಿ ಮಾರಿಗೆ ನನ್ನ ಹಸರ ಸೀರಿ ಮುಚ್ಚು. ಗುಡಿ ಬಿಟ್ಟು ಹೊಂಟದ್ದು ಆಕಿಗೆ ತಿಳೀಬಾರದು.

ಅಕ್ಕ ಮರಿಲಿಂಗಮ್ಮ